ಹತ್ತನೆಯವನ ನಿರೀಕ್ಷೆಯಲ್ಲಿ: ಹೊಸ ಕುಟುಂಬಗಳನ್ನು ಬರಮಾಡಿಕೊಳ್ಳುವ ಯೆಹೂದ್ಯ ಸಮುದಾಯಗಳು

ಯೆಹೂದ್ಯರ ಸಬ್ಬತ್ ದಿನವು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಎಂಬುದು ನಮಗೆಲ್ಲ ತಿಳಿದ ವಿಷಯ. ಆದರೆ ಈ ಒಂದು ದಿನದ ಆಚರಣೆಯು ಒಂದು ಕುಟುಂಬ ಎಲ್ಲಿ ಮನೆ ಮಾಡಬೇಕು ಎಂಬುದನ್ನೂ ನಿರ್ಧರಿಸುತ್ತದೆ.

ಆರ್ಥೊಡಾಕ್ಸ್, ಅಂದರೆ ಸಂಪ್ರದಾಯನಿಷ್ಠ ಯೆಹೂದ್ಯರು ಅಂದು ವಾಹನ ಚಲಾಯಿಸುವುದಿಲ್ಲ, ಅಡುಗೆ ಮಾಡುವುದಿಲ್ಲ. ಆದ್ದರಿಂದ ಪ್ರಾರ್ಥನಾಮಂದಿರವು ಮನೆಯಿಂದ ನಡೆದುಹೋಗುವಷ್ಟು ಹತ್ತಿರವಿರಬೇಕು. ಸಾರ್ವಜನಿಕ ದಾರಿಯಲ್ಲಿ ವಸ್ತುಗಳನ್ನು ಹೊತ್ತೊಯ್ಯುವುದೂ ನಿಷಿದ್ಧ. ಕೈಗೂಸನ್ನು ಎತ್ತಿಕೊಂಡು ಹೋಗುವುದೂ ಸಲ್ಲದು. ಇದಕ್ಕಾಗಿ ಅನೇಕ ಊರುಗಳಲ್ಲಿ ಕಂಬ ಹಾಗೂ ತಂತಿಗಳಿಂದ 'ಎರುವ್' ಎಂಬ ಎಲ್ಲೆಯನ್ನು ಗುರುತಿಸುತ್ತಾರೆ. ಅದರೊಳಗೆ ಮಗುವಿನ ಗಾಡಿ ತಳ್ಳಬಹುದು. ತಂತಿ ಎಲ್ಲಿಯೂ ತುಂಡಾಗಿಲ್ಲವೆಂದು ಪ್ರತಿ ವಾರ ಪರಿಶೀಲಿಸುತ್ತಾರೆ. ಎರುವ್ ಇಲ್ಲದ ಊರಲ್ಲಿ ಎಳೆಯ ಮಕ್ಕಳ ತಾಯಿ ಸಬ್ಬತ್ ದಿನ ಮನೆಯಲ್ಲೇ ಉಳಿಯಬೇಕಾಗುತ್ತದೆ.

ಇನ್ನೊಂದು ನಿಯಮವೂ ಮುಖ್ಯವಾದುದು. ಪೂರ್ಣ ಸಾಮೂಹಿಕ ಪ್ರಾರ್ಥನೆಗೆ 13 ವರ್ಷ ತುಂಬಿದ ಹತ್ತು ಮಂದಿ ಗಂಡಸರು ಸೇರಬೇಕು. ಇದಕ್ಕೆ 'ಮಿನ್ಯಾನ್' ಎನ್ನುತ್ತಾರೆ. ತೀರಿಹೋದ ತಂದೆತಾಯಿಗಾಗಿ ಹೇಳುವ 'ಕದ್ದಿಶ್' ಪ್ರಾರ್ಥನೆಗೂ ಹತ್ತು ಮಂದಿ ಬೇಕು. ಒಂಬತ್ತು ಮಂದಿ ಕುಳಿತು ಹತ್ತನೆಯವನಿಗಾಗಿ ಕಾಯುವ ಊರಿಗೆ ಒಂದು ಹೊಸ ಕುಟುಂಬ ಎಷ್ಟು ದೊಡ್ಡ ವರವೆಂದು ಯೋಚಿಸಿ.

ಅಮೆರಿಕದ ನ್ಯೂಯಾರ್ಕ್ ಸುತ್ತಮುತ್ತ ಯೆಹೂದ್ಯರು ಬಹಳ ಮಂದಿ ಇದ್ದಾರೆ. ಆದರೆ ಮನೆಯ ಬೆಲೆ, ಧಾರ್ಮಿಕ ಶಾಲೆಗಳ ಶುಲ್ಕ ಎರಡೂ ವಿಪರೀತ. ಇದನ್ನರಿತ ದೂರದ ಸಣ್ಣ ಸಮುದಾಯಗಳು ಯುವ ಕುಟುಂಬಗಳನ್ನು ತಮ್ಮೂರಿಗೆ ಕರೆಯುತ್ತವೆ. 1898ರಲ್ಲಿ ಸ್ಥಾಪನೆಯಾದ ಆರ್ಥೊಡಾಕ್ಸ್ ಯೂನಿಯನ್ ಇದಕ್ಕೆಂದೇ ನ್ಯೂಯಾರ್ಕಿನಲ್ಲಿ ಮೇಳಗಳನ್ನು ನಡೆಸಿದೆ. ಸುಧಾರಣಾ ಪಂಥದವರಲ್ಲೂ ಇಂಥ ಪ್ರಯತ್ನ ನಡೆದಿದೆ: 2008ರಲ್ಲಿ ಅಲಬಾಮಾ ರಾಜ್ಯದ ಡೋಥನ್ ಪಟ್ಟಣದವರು, ಬಂದು ನೆಲೆಸುವ ಯೆಹೂದ್ಯ ಕುಟುಂಬಕ್ಕೆ 50,000 ಡಾಲರ್‌ವರೆಗೆ ನೆರವು ಘೋಷಿಸಿದ್ದರು.

ಆದರೆ ಹಣವೊಂದರಿಂದಲೇ ಜನ ನೆಲೆ ನಿಲ್ಲುವುದಿಲ್ಲ. ಊರು ನೋಡಲು ಬರುವ ಕುಟುಂಬವನ್ನು ಸಾಮಾನ್ಯವಾಗಿ ಸಬ್ಬತ್ತಿಗೇ ಆಹ್ವಾನಿಸುತ್ತಾರೆ. ಒಬ್ಬರ ಮನೆಯಲ್ಲಿ ವಾಸ್ತವ್ಯ, ಶುಕ್ರವಾರ ರಾತ್ರಿಯ ಊಟ ಮತ್ತೊಬ್ಬರಲ್ಲಿ, ಶನಿವಾರ ಮಧ್ಯಾಹ್ನದ್ದು ಇನ್ನೊಬ್ಬರಲ್ಲಿ. ಶಾಲೆ, ಶುದ್ಧೀಕರಣ ಸ್ನಾನದ 'ಮಿಕ್ವೆ', ಕೋಷರ್ ಆಹಾರ ಇವೆಯೇ ಎಂದು ಅವರೂ ವಿಚಾರಿಸುತ್ತಾರೆ. ನೆಲೆಸಿದ ಮೇಲೆ ಬಾಣಂತಿಯ ಮನೆಗೆ ಸರದಿಯಂತೆ ಊಟ ತಲಪುತ್ತದೆ. 'ಗೆಮಾಖ್' ಎಂಬ ಸಹಾಯಕೂಟಗಳು ಬಡ್ಡಿಯಿಲ್ಲದ ಸಾಲವನ್ನೂ, ತೊಟ್ಟಿಲು, ಮದುವೆಯ ಉಡುಪುಗಳನ್ನೂ ಒದಗಿಸುತ್ತವೆ. ಅತಿಥಿಸತ್ಕಾರಕ್ಕೆ ಅವರ ಮಾದರಿ, ಆದಿಕಾಂಡ 18ರಲ್ಲಿ ಮೂವರು ಅಪರಿಚಿತರನ್ನು ಎದುರ್ಗೊಳ್ಳಲು ಗುಡಾರದಿಂದ ಓಡಿಬಂದ ಅಬ್ರಹಾಮ.

ಜನ ಬಾರದಿದ್ದರೆ ಏನಾಗುತ್ತದೆಂದು ನೋಡಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮದೇ ಪಶ್ಚಿಮ ಕರಾವಳಿಯ ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರ ಇಂದಿಗೂ ಸುಂದರವಾಗಿ ನಿಂತಿದೆ. ಇಸ್ರಾಯೇಲ್ ರಾಷ್ಟ್ರ 1948ರಲ್ಲಿ ಉದಯಿಸಿದ ಬಳಿಕ ಅಲ್ಲಿನ ಬಹುತೇಕ ಯೆಹೂದ್ಯರು ವಲಸೆ ಹೋದರು. ಇಂದು ಊರಿನವರಿಂದಲೇ ಹತ್ತು ಮಂದಿ ಕೂಡುವುದಿಲ್ಲ. ಹೊರಗಿನಿಂದ ಯೆಹೂದ್ಯ ಪ್ರವಾಸಿಗರು ಬಂದರೆ ಮಾತ್ರ ಮಿನ್ಯಾನ್. ಹೊಸಬರಿಗಾಗಿ ಬಡಿಸುವ ಆ ಸಬ್ಬತ್ ಊಟದ ಹಿಂದೆ ಎಷ್ಟು ದೊಡ್ಡ ಕಾಳಜಿ ಇದೆಯೆಂಬುದು ಇದರಿಂದ ನಮಗೆ ಅರ್ಥವಾಗುತ್ತದೆ.