ಮಾರಮ್ಮನ ಪಾಲು, ಶಾನುಭೋಗರ ಪಾಲು

ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ತಲೆ ಎತ್ತಿ ನಡೆದರೆ ಈರುಳ್ಳಿ ಏಟು ಬಿದ್ದೇ ಬೀಳುತ್ತದೆ. ಶ್ರಾವಣ ಕಳೆದ ಮೇಲಿನ ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಈ ಊರಿನಿಂದ ಅಮ್ಮನನ್ನು ಊರ ಹೊರಗಿನ ತುಮಲು ಎಂಬ ಜಾಗಕ್ಕೆ ಕರೆತರುತ್ತಾರೆ. ದಾರಿಯುದ್ದಕ್ಕೂ ಜನ ಕೈಗೆ ಸಿಕ್ಕಷ್ಟು ಈರುಳ್ಳಿ ತೂರುತ್ತಾರೆ, ಮಂಡಕ್ಕಿ ಎರಚುತ್ತಾರೆ, ಜೀವಂತ ಕೋಳಿಯನ್ನೂ ಎಸೆಯುತ್ತಾರೆ. ಕೋಳಿ ಮುಟ್ಟದ ಮ್ಯಾಸಬೇಡರ ನಾಡಿನಲ್ಲೇ ಈ ಕೋಳಿ ಹಾರಾಟ ನಡೆಯುತ್ತದೆ. ಒಂದು ದೇವರಿಗೆ ಆಗದ್ದು ಇನ್ನೊಂದಕ್ಕೆ ಆಗುತ್ತದೆ, ಅದರ ಬಗ್ಗೆ ಇಲ್ಲಿ ಯಾರಿಗೂ ತಕರಾರಿಲ್ಲ. ಮಳೆಗಾಲದ ಈರುಳ್ಳಿ ಹೊಲದಲ್ಲಿ ಗಡ್ಡೆ ಕಟ್ಟುವ, ಕೆಲವರದು ಆಗಲೇ ಕಿತ್ತು ರಾಶಿಯಾಗಿರುವ ಕಾಲ ಅದು. ಬೆಳೆಗೆ ರೋಗ ತಾಗದಿರಲಿ ಅಂತ ಅಮ್ಮನಿಗೆ ಅವಳ ಪಾಲು. ಕಾಲಡಿ ಸಿಕ್ಕು ಜಜ್ಜಿಹೋದ ಈರುಳ್ಳಿಯ ಘಾಟು ಕಣ್ಣಿಗೆ ಹತ್ತುತ್ತದೆ. ಹಾಳಾಗುವ ಮಾಲನ್ನು ನೋಡಿ ನನ್ನಂಥವನಿಗೆ ಹೊಟ್ಟೆ ಉರಿಯುವುದೂ ಸುಳ್ಳಲ್ಲ. ಆದರೆ ತೂರುವವರು ಪೇಟೆಯ ದರ ಕೇಳಿಕೊಂಡು ಬಂದವರಲ್ಲ. ಎಷ್ಟು ತರಬೇಕು ಅಂತ ಅವರಿಗೆ ಯಾರೂ ಚೀಟಿ ಬರೆದುಕೊಟ್ಟಿಲ್ಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕಡಲ ದಂಡೆಯ ಊರುಗಳಲ್ಲಿ ಚೀಟಿ ಇತ್ತು. ಹೊಲದ ಬೆಳೆಯಲ್ಲಿ ಹತ್ತಕ್ಕೊಂದು ಪಾಲು ಚರ್ಚಿಗೆ ಸೇರಬೇಕೆಂಬುದು ಅಲ್ಲಿನ ಕಾನೂನು. ಸಮುದ್ರದ ಮೀನು ನೆಲದ ಬೆಳೆಯಲ್ಲವಾದ್ದರಿಂದ ಅದಕ್ಕೆ ಆ ಕಾನೂನು ತಾನಾಗಿ ಹತ್ತುತ್ತಿರಲಿಲ್ಲ. ಹಿಂದಿನಿಂದ ರೂಢಿಯಿದ್ದ ಊರುಗಳಲ್ಲಿ ಮಾತ್ರ ಮೀನಿನ ಪಾಲನ್ನೂ ಪಾದ್ರಿ ಕೇಳಬಹುದಿತ್ತು. ರೂಢಿ ಇತ್ತೋ ಇಲ್ಲವೋ, ದೋಣಿ ಬಲೆಗಳ ಖರ್ಚು ಕಳೆದ ಮೇಲೆ ಕೊಡಬೇಕೋ ಮೊದಲೇ ಕೊಡಬೇಕೋ ಎಂಬ ಜಗಳ ಕೋರ್ಟಿನ ತನಕ ಹೋಗುತ್ತಿತ್ತು. ರಾತ್ರಿಯೆಲ್ಲ ಅಲೆಯ ಮೇಲೆ ಜೀವ ಒತ್ತೆಯಿಟ್ಟವನು ಬೆಳಿಗ್ಗೆ ದಡಕ್ಕೆ ಬಂದಾಗ ಬೆಚ್ಚಗೆ ಮಲಗೆದ್ದವನ ಆಳು ಬುಟ್ಟಿ ಹಿಡಿದು ನಿಂತಿದ್ದರೆ ಹೇಗಿರಬೇಡ!

ನಮ್ಮಲ್ಲಿ ಬುಟ್ಟಿ ಹಿಡಿದು ನಿಲ್ಲುವವರು ಇರಲೇ ಇಲ್ಲವೆಂದರೆ ಅದು ಹುಸಿ. ಕಣದಲ್ಲಿ ರಾಶಿ ಮಾಡಿ, ಸಗಣಿಯ ಬೆನಕನನ್ನಿಟ್ಟು ಪೂಜೆ ಮುಗಿಸುವಷ್ಟರಲ್ಲಿ ಆಯಗಾರರು ಸೇರಿರುತ್ತಿದ್ದರು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ಕುಂಬಾರ, ತಳವಾರ, ನೀರಗಂಟಿ, ಪೂಜಾರಿ, ಎಲ್ಲರಿಗೂ ಅವರವರ ಆಯ. ಕಂಪನಿ ಸರ್ಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಬೆಂಗಳೂರು ಸೀಮೆಯ ಕಣಗಳಲ್ಲಿ ಈ ಹಂಚಿಕೆಯನ್ನು ಬರೆದಿಟ್ಟುಕೊಂಡ. ಅವನ ಲೆಕ್ಕದಲ್ಲಿ 20 ಖಂಡುಗದ ರಾಶಿಯಿಂದ ದೇವರಿಗೆ ಎತ್ತಿದ್ದು 5 ಸೇರು, ಗೌಡನಿಗೆ 8, ಶಾನುಭೋಗನಿಗೆ 10. ಇವೆಲ್ಲ ಹೋಗಿ ಉಳಿದದ್ದರಲ್ಲಿ ಸರ್ಕಾರದ ಪಾಲು ಬೇರೆ. ಲೆಕ್ಕ ಬರೆಯುವವನಿಗೆ ದೇವರಿಗಿಂತ ಇಮ್ಮಡಿ! ಇಂಗ್ಲೆಂಡಿನ ಪಾದ್ರಿಯ ಹತ್ತನೇ ಒಂದರ ಮುಂದೆ ನಮ್ಮ ದೇವರ 5 ಸೇರು ಏನೇನೂ ಅಲ್ಲ. ಆದರೆ ದೇವರ ಹೆಸರಿನಲ್ಲಿ ಬಿಟ್ಟ ಇನಾಂ ಜಮೀನು ಇತ್ತಲ್ಲ, ಅದನ್ನು ಉತ್ತವನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಣ ಕಾದು, ಸತ್ತ ದನ ಎಳೆದು, ಮಿಣಿ ಚಾವಟಿ ಮಾಡಿಕೊಟ್ಟ ಮಾದಿಗರಿಗೆ ಕೊನೆಗೆ ಸಿಗುತ್ತಿದ್ದದ್ದು ಮಣ್ಣು ಬೆರೆತ ತಳಗಾಳು. ಹಳೆಯ ಕಾಲದ ಹಂಚಿ ತಿನ್ನುವ ಗುಣವನ್ನು ಹಾಡಿ ಹೊಗಳುವವರು ಈ ತಳಗಾಳಿನ ಮಾತು ಎತ್ತುವುದಿಲ್ಲ.

ಹಾಗಿದ್ದೂ ಆ ವ್ಯವಸ್ಥೆಯಲ್ಲಿ ಒಂದು ನ್ಯಾಯವಿತ್ತು. ಮಳೆ ಕೈಕೊಟ್ಟರೆ ರಾಶಿ ಸಣ್ಣದು, ಆಗ ದೇವರ ಪಾಲೂ ಸಣ್ಣದು. ವರ್ಷಕ್ಕೆ 500 ಮಿ.ಮೀ. ಮಳೆ ಮುಟ್ಟಿದರೆ ಹಬ್ಬ ಮಾಡುವ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇದು ಸಣ್ಣ ಮಾತಲ್ಲ. ಇಲ್ಲಿನ ಶೇಂಗಾ ಬೇಸಾಯಕ್ಕೂ ಕಡಲಿಗಿಳಿಯುವ ಮೀನುಗಾರಿಕೆಗೂ ಅಂಥ ವ್ಯತ್ಯಾಸವಿಲ್ಲ. ಬಿತ್ತಿದ್ದು ಕೈಗೆ ಬರುವತನಕ ನಮ್ಮದಲ್ಲ. ಕುರಿಗಾರ ಒಂದು ಮರಿಯನ್ನು ದೇವರ ಮರಿಯೆಂದು ಬಿಡುತ್ತಾನೆ. ಕಾಡುಗೊಲ್ಲರ ಹಟ್ಟಿಯಲ್ಲಿ ಹಾಲು ಬೆಣ್ಣೆಯ ಮೀಸಲು ತೆಗೆದಿಡುತ್ತಾರೆ. ಕುರಿ ಈಯದ ವರ್ಷ ಮರಿಯೂ ಇಲ್ಲ, ಹಸು ಬತ್ತಿದ ಮೇಲೆ ಮೀಸಲೂ ಇಲ್ಲ. ದೇವರು ದಾವಾ ಹೂಡುವುದಿಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿನ ಜೊತೆ ಬರುವ ಮಾತು ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇದೆ: ಮಾಡಿದಷ್ಟು ನೀಡು ಭಿಕ್ಷೆ. ಸ್ವಾಮಿ ಊರ ಸುತ್ತ ಐದು ಕೆರೆ ಕಟ್ಟಿಸಿದರು, ಮಣ್ಣು ಹೊತ್ತವರಿಗೆ ಹೊತ್ತಷ್ಟಕ್ಕೆ ತಕ್ಕ ಕೂಲಿ ಸಿಕ್ಕಿತು ಎಂಬುದು ಜನರ ನಂಬಿಕೆ. ಭಕ್ತಿಗೂ ಕೂಲಿಗೂ ಒಂದೇ ಅಳತೆಗೋಲು. ಈಗ ಅದೇ ಸ್ವಾಮಿಯ ದೊಡ್ಡ ರಥೋತ್ಸವದಲ್ಲಿ ಮುಕ್ತಿ ಬಾವುಟ ಹರಾಜಾಗುತ್ತದೆ, ಕೂಗು ಹತ್ತಾರು ಲಕ್ಷಕ್ಕೆ ಏರುತ್ತದೆ. ರಾಜಕಾರಣಿಗಳಿಗೂ ಗುತ್ತಿಗೆದಾರರಿಗೂ ಅದು ತಮ್ಮ ಬಲ ತೋರಿಸುವ ಜಾಗ. ಮರುದಿನದ ಪತ್ರಿಕೆಯಲ್ಲಿ ಬರುವುದು ಆ ಮೊತ್ತ. ಬರಗಾಲದಲ್ಲೂ ಕೊಬ್ಬರಿ ತಂದು ಬೆಂಕಿಗೆ ಹಾಕಿ ಕೈಮುಗಿದ ಹೆಂಗಸಿನ ಲೆಕ್ಕ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಬೆಳೆಯ ಪಾಲು ನಗದಾದ ಕಥೆ ಎರಡೂ ಕಡೆ ನಡೆಯಿತು. ಇಂಗ್ಲೆಂಡಿನಲ್ಲಿ 1836ರ ಕಾಯ್ದೆ ಹೊಲದ ಬೆಳೆಯ ಪಾಲನ್ನು ಹಣಕ್ಕೆ ತಿರುಗಿಸಿತು. ಮೈಸೂರಿನಲ್ಲಿ 1955ರ ಕಾಯ್ದೆ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು, ಜಮೀನು ಕಳೆದುಕೊಂಡ ಗುಡಿಗಳಿಗೆ ಸರ್ಕಾರದ ನಗದು ತಸ್ತೀಕು ಬಂತು. 1961ರ ಕಾಯ್ದೆಯೊಂದಿಗೆ ಶಾನುಭೋಗಿಕೆ, ಪಟೇಲಿಕೆಗಳೂ ಹೋದವು. ಉಳುವವನಿಗೆ ನೆಲ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ, ಅದು ತಡವಾಗಿಯೇ ಆಯಿತು. ಈಗ ಗಾಡಿ ತಿರುವುಮುರುವಾಗಿದೆ: ಗುಡಿಯೇ ಪಾಲು ಕೊಡಬೇಕು. ರಾಜ್ಯದ ಧಾರ್ಮಿಕ ದತ್ತಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯ ಪ್ರಕಾರ ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಒಟ್ಟು ಆದಾಯವಿರುವ ಮುಜರಾಯಿ ದೇಗುಲ ತನ್ನ ನಿವ್ವಳ ಆದಾಯದಲ್ಲಿ ಶೇ 10ನ್ನು, ಅಂದರೆ ಹತ್ತಕ್ಕೊಂದನ್ನು, ಸಾಮಾನ್ಯ ಸಂಗ್ರಹಣಾ ನಿಧಿಗೆ ಕಟ್ಟಬೇಕು. ಆದಾಯವಿಲ್ಲದ ಗುಡಿಗಳಿಗೆ ಆ ಹಣ. 2024ರ ಫೆಬ್ರುವರಿಯಲ್ಲಿ ಈ ಲೆಕ್ಕ ಬದಲಿಸುವ ಮಸೂದೆ ಬಂದಾಗ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು, ಗದ್ದಲವೋ ಗದ್ದಲ. ಶ್ರೀಮಂತ ಗುಡಿ ಬಡ ಗುಡಿಗೆ ಕೊಡುವುದರಲ್ಲಿ ಅಂಥ ತಪ್ಪೇನೂ ನನಗೆ ಕಾಣದು.

ಈ ಕಾಯ್ದೆಗಳ ಯಾವ ಕಾಲಮ್ಮಿಗೂ ಹೊಂದದ್ದು ಮ್ಯಾಸಬೇಡರ ದೇವರ ಎತ್ತು. ನನ್ನಿವಾಳದಂಥ ಕಟ್ಟೆಮನೆಗಳ, ಅಂದರೆ ಅವರ ಕುಲದ ನೆಲೆಗಳ, ದೇವರಿಗೆ ಹರಕೆ ಹೊತ್ತವರು ಕರು ಬಿಡುತ್ತಾರೆ. ಹೀಗೆ ಬೆಳೆದ ಹಿಂಡನ್ನು ಕಿಲಾರಿ ಕಾಯುತ್ತಾನೆ. ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ, ಹಾಲು ಕರುವಿಗೆ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಕೊಟ್ಟದ್ದನ್ನು ತಿನ್ನುವ ಪಾದ್ರಿ ಇಲ್ಲಿಲ್ಲ, ಕೊಟ್ಟದ್ದಕ್ಕೇ ಕೊಟ್ಟವರು ಮತ್ತೆ ಮೇವು ಹಾಕಬೇಕು. ಮೊದಲು ಮೇಯಲು ಅಮೃತ್ ಮಹಲ್ ಕಾವಲುಗಳಿದ್ದವು. 2008ರಿಂದೀಚೆಗೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಬೇಲಿ ಎದ್ದ ಮೇಲೆ ಕುರಿಯ ದಾರಿಯೂ ಎತ್ತಿನ ದಾರಿಯೂ ಸುತ್ತುಬಳಸಾಯಿತು. ಬರ ಬಿದ್ದ ವರ್ಷ ಟ್ರ್ಯಾಕ್ಟರಿನಲ್ಲಿ ಶೇಂಗಾ ಹೊಟ್ಟು, ಸೊಪ್ಪೆ ತಂದು ಹಾಕುವ ಭಕ್ತರಿದ್ದಾರೆ. ಅದು ಸಾಲದಾದಾಗ ಊರಿನ ಹಿರಿಯರು ದೇವರ ಎತ್ತಿಗೆ ಮೇವು ಕೊಡಿ ಅಂತ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಾರೆ.