ಆಟ ಅಕ್ಷರದ್ದು, ಕೇಳಿಸುವ ಹೊಣೆ ಯಾರದ್ದು?

ಚಿತ್ರದ ಹಂಗಿಲ್ಲದೆ ಬರೀ ಅಕ್ಷರಗಳಲ್ಲಿ ನಡೆಯುವ ಕಂಪ್ಯೂಟರ್ ಆಟಗಳು ಕಣ್ಣು ಕಾಣದವರಿಗೆ ಹೇಳಿ ಮಾಡಿಸಿದಂಥವು ಎಂದು ಯಾರಿಗಾದರೂ ಅನ್ನಿಸುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸ್ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಹುಟ್ಟುಹಾಕಿದ, ಹಲವರು ಒಟ್ಟಿಗೆ ಆಡುವ ‘ಮಡ್’ ಆಟದಲ್ಲೂ ಅದರ ಸಂತತಿಯಲ್ಲೂ ಕಾಡು, ಗುಹೆ, ಕಾಳಗ ಎಲ್ಲವೂ ವಾಕ್ಯಗಳೇ. ಆದರೆ ಅಕ್ಷರ ತೆರೆಯ ಮೇಲೆ ಬಂದ ಮಾತ್ರಕ್ಕೆ ಕಿವಿಗೆ ಬೀಳುವುದಿಲ್ಲ. ತೆರೆಯ ಪಠ್ಯವನ್ನು ಓದಿ ಹೇಳುವ ಜಾಸ್, ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗಳು ತೆರೆಯನ್ನು ಕಣ್ಣಿನಂತೆ ನೋಡುವುದಿಲ್ಲ. ಕಿಟಕಿಯೊಳಗೆ ಏನಿದೆಯೆಂದು ಮುಖ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಮೂಲಕ ಕೇಳಿ ತಿಳಿಯುತ್ತವೆ. ಅಂದದ ಆಸೆಗೆ ಅಕ್ಷರಗಳನ್ನು ತಾನೇ ಚುಕ್ಕೆಚುಕ್ಕೆಯಾಗಿ ಬಿಡಿಸಿ, ಆ ಪ್ರಶ್ನೆಗೆ ಉತ್ತರ ಕೊಡುವ ಏರ್ಪಾಡು ಮಾಡದ ತಂತ್ರಾಂಶದಲ್ಲಿ ಪುಟ ತುಂಬ ಕಥೆಯಿದ್ದರೂ ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಕಿಟಕಿ. ಹೀಗಾಗಿ ಆಟ ಆಯ್ದುಕೊಳ್ಳುವಾಗ ಮೊದಲ ಪರೀಕ್ಷೆ ಆಟದ್ದಲ್ಲ, ಆಡಿಸುವ ತಂತ್ರಾಂಶದ್ದು.

ಎರಡನೆಯ ಪರೀಕ್ಷೆ ಇದಕ್ಕಿಂತ ಬಿಗಿ. ಒಬ್ಬರೇ ಆಡುವ ಕಥನದಾಟಗಳಲ್ಲಿ ಆಟಗಾರ ಟೈಪ್ ಮಾಡುವವರೆಗೆ ಆಟ ಕಾಯುತ್ತದೆ. ಮಡ್‌ನಲ್ಲಿ ಹಾಗಲ್ಲ, ಯಾರೋ ಬಂದರು, ಯಾರೋ ಹೊಡೆದರು ಎಂದು ಸಾಲುಗಳು ತಾವಾಗಿ ಉಕ್ಕುತ್ತಲೇ ಇರುತ್ತವೆ. ಕಣ್ಣಿದ್ದವರು ಒಂದು ನೋಟದಲ್ಲಿ ಬೇಕಾದ್ದನ್ನು ಹೆಕ್ಕುತ್ತಾರೆ, ಕಿವಿಗೆ ಮಾತು ಒಂದರ ಹಿಂದೊಂದಾಗಿಯೇ ಬರಬೇಕು. ಹೊಸ ಸಾಲು ಬಂದ ಕೂಡಲೇ ನುಡಿಯುವುದು, ಕೀಲಿ ಒತ್ತಿದರೆ ಸುಮ್ಮನಾಗುವುದು, ಹಳೆಯ ಸಾಲಿಗೆ ಹಿಂದಿರುಗಲು ಬಿಡುವುದು, ಬೇಡದ ಸಾಲನ್ನು ಅಡಗಿಸಿ ಅದರ ಬದಲು ಪುಟ್ಟ ಸದ್ದು ಕೊಡುವುದು: ಇವಿಲ್ಲದಿದ್ದರೆ ಕಾಳಗದ ವಿವರ ಕೇಳಿ ಮುಗಿಯುವಷ್ಟರಲ್ಲಿ ಆಟಗಾರ ಸತ್ತಿರುತ್ತಾನೆ! ಮಡ್ ಆಡಿಸುವ ತಂತ್ರಾಂಶಗಳಲ್ಲಿ ವಿಐಪಿ ಮಡ್ ಅಂಧರಿಗೆಂದೇ ರೂಪುಗೊಂಡದ್ದು. ಮಶ್‌ಕ್ಲೈಂಟ್ ಹಾಗಲ್ಲದಿದ್ದರೂ ಸ್ಕ್ರಿಪ್ಟ್ ಮತ್ತು ಪ್ಲಗಿನ್‌ಗಳಿಗೆ ಧಾರಾಳವಾಗಿ ಬಾಗಿಲು ತೆರೆದಿದ್ದರಿಂದ ಅಂಧ ಆಟಗಾರರ ಮೆಚ್ಚಿನದಾಯಿತು.

ಆಟದ ತಂತ್ರಾಂಶವೇ ಮಾತಾಡಿಬಿಟ್ಟರೆ ಸಾಲದೇ ಎಂದು ಕೇಳಬಹುದು. ಕಥನದಾಟಗಳನ್ನು ಆಡಿಸುವ ವಿಂಡೋಸ್ ಫ್ರಾಟ್ಸ್‌ನಲ್ಲಿ ಅಂಥ ಸೌಲಭ್ಯ ಇದ್ದೇ ಇದೆ, ಅದು ಉಪಯುಕ್ತವೂ ಹೌದು. ಆದರೂ ಪಳಗಿದವರು ಇತರರಿಗೆ ಅರ್ಥವಾಗದಷ್ಟು ವೇಗದ ಧ್ವನಿಯನ್ನು ತಮ್ಮ ಸ್ಕ್ರೀನ್ ರೀಡರ್‌ನಲ್ಲಿ ಹೊಂದಿಸಿಕೊಂಡಿರುತ್ತಾರೆ. ವಿಚಿತ್ರ ಹೆಸರು ಬಂದರೆ ಅಕ್ಷರ ಬಿಡಿಸಿ ಕೇಳುತ್ತಾರೆ. ಕಿವುಡೂ ಇರುವವರಿಗೆ ಬ್ರೈಲ್ ಫಲಕವೇ ಗತಿ. ಬರೀ ಧ್ವನಿ ಅಲ್ಲಿಗೆ ಮುಟ್ಟದು. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರ ಬಂದಿದೆಯಲ್ಲ ಎಂಬ ಮಾತು ಇನ್ನೂ ದುರ್ಬಲ: ತೆರೆಯಲ್ಲಿ ಏನಿದೆಯೆಂದು ಅದು ಹೇಳೀತು, ಯಾವುದು ಈಗಷ್ಟೇ ಬಂದದ್ದೆಂದು ಅದಕ್ಕೆ ಹೊಳೆಯುವುದು ಕಷ್ಟ. ಕೈಯಲ್ಲಿದ್ದ ಅಕ್ಷರವನ್ನು ಚಿತ್ರವಾಗಿಸಿ ಮತ್ತೆ ಅಕ್ಷರ ಮಾಡುವುದಂತೂ ಸುತ್ತುಬಳಸಿನ ದಾರಿ.

ಕನ್ನಡದಲ್ಲಿ ಇಂಥ ಆಟ ಬರೆಯಹೊರಟವರಿಗೂ ಇದೇ ಲೆಕ್ಕ. ಉಚಿತವಾದ ಎನ್‌ವಿಡಿಎ ಜೊತೆಗೇ ಬರುವ ಧ್ವನಿ ತಂತ್ರಾಂಶ ಇಸ್ಪೀಕ್‌ ಎನ್‌ಜಿ ಕನ್ನಡ ನುಡಿಯುತ್ತದೆ, ಧ್ವನಿ ಯಾಂತ್ರಿಕವಾದರೂ. ಪಠ್ಯ ಯೂನಿಕೋಡ್‌ನಲ್ಲಿರಬೇಕು, ಅಷ್ಟೆ. ಹಳೆಯ ಆಸ್ಕಿ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡವೇ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರ, ಚಿಹ್ನೆಗಳ ಸಂಕೇತ; ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಇದ್ದಂತೆ ಓದುತ್ತದೆ.