ಮಳೆ-ನೀರಿನ ಅಂಕಿ-ಅಂಶಗಳು ಮತ್ತು ಉದ್ಯಮದ ಲೆಕ್ಕಾಚಾರ

ತೊಗರಿಯ ಧಾರಣೆ, ಬ್ಯಾಂಕಿನ ಬಡ್ಡಿದರ, ಲಾರಿ ಬಾಡಿಗೆ ಇವುಗಳನ್ನು ನಿತ್ಯವೂ ಗಮನಿಸುವ ವ್ಯಾಪಾರಸ್ಥರು ಮಳೆಯ ಅಂಕಿ-ಅಂಶಗಳನ್ನು ಕೃಷಿ ಇಲಾಖೆಗೆ ಬಿಟ್ಟ ವಿಷಯವೆಂದು ಭಾವಿಸುವುದು ಸಾಮಾನ್ಯ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ದಾಲ್‌ಮಿಲ್, ಸಕ್ಕರೆ ಕಾರ್ಖಾನೆ, ಹತ್ತಿ ಜಿನ್ನಿಂಗ್ ಹಾಗೂ ಅಡತ ವ್ಯಾಪಾರ ಇವೆಲ್ಲವೂ ಅಂತಿಮವಾಗಿ ನೀರನ್ನೇ ಅವಲಂಬಿಸಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಇದೇ ಜಿಲ್ಲೆಯ ಭೀಮಾ ತೀರ ಪ್ರವಾಹಕ್ಕೆ ತುತ್ತಾಯಿತು. ಬರ ಮತ್ತು ನೆರೆ ಎರಡನ್ನೂ ಎದುರಿಸಬೇಕಾದ ಪ್ರದೇಶದಲ್ಲಿ ಪರಿಸರದ ಅಂಕಿ-ಅಂಶಗಳನ್ನು ಓದಬಲ್ಲ ಉದ್ದಿಮೆದಾರನು ಖರೀದಿ, ದಾಸ್ತಾನು ಮತ್ತು ಸಾಲದ ತೀರ್ಮಾನಗಳನ್ನು ಹೆಚ್ಚು ಭದ್ರವಾಗಿ ಕೈಗೊಳ್ಳಬಲ್ಲನು.

ಸರಾಸರಿಯ ಮಿತಿ

ಈ ವಿಷಯದಲ್ಲಿ ಸಣ್ಣ ದ್ವೀಪ ರಾಷ್ಟ್ರಗಳ ಅನುಭವ ಬೋಧಪ್ರದವಾಗಿದೆ. ಒಂದೆರಡು ಬೆಳೆ ಅಥವಾ ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ಅನೇಕ ದ್ವೀಪಗಳಲ್ಲಿ ಒಂದೇ ಚಂಡಮಾರುತ ಇಡೀ ವರ್ಷದ ವಹಿವಾಟನ್ನು ಕೆಡಿಸಬಲ್ಲದು. ಆದರೂ ತಲಾ ಆದಾಯದ ಸರಾಸರಿ ಚೆನ್ನಾಗಿ ಕಾಣುವುದರಿಂದ ಅವುಗಳಿಗೆ ರಿಯಾಯಿತಿ ಸಾಲ ದೊರೆಯುವುದು ಕಷ್ಟವಾಗಿತ್ತು. 1994ರ ಬಾರ್ಬಡೋಸ್ ಸಮ್ಮೇಳನದಿಂದ ಮುಂದುವರಿದ ಚರ್ಚೆಯ ಫಲವಾಗಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 2024ರಲ್ಲಿ, ಆದಾಯದ ಜೊತೆಗೆ ಅಪಾಯವನ್ನೂ ಅಳೆಯುವ ಬಹುಆಯಾಮದ ದುರ್ಬಲತಾ ಸೂಚ್ಯಂಕವನ್ನು ಅಂಗೀಕರಿಸಿತು. ಸರಾಸರಿಯು ಅಪಾಯವನ್ನು ಮುಚ್ಚಿಡುತ್ತದೆ ಎಂಬುದೇ ಇದರ ಸಾರ.

ತೊಗರಿಯನ್ನೇ ನೆಚ್ಚಿದ ಈ ಮೂರು ತಾಲ್ಲೂಕುಗಳಿಗೂ ಈ ಮಾತು ಅನ್ವಯಿಸುತ್ತದೆ. ಜಿಲ್ಲೆಯ ಸರಾಸರಿ ಮಳೆ ವಾಡಿಕೆಯಷ್ಟೇ ಆಗಿದ್ದರೂ ಒಂದು ಹೋಬಳಿಯಲ್ಲಿ ಹೊಲ ಒಣಗಿರಬಹುದು, ಇನ್ನೊಂದರಲ್ಲಿ ನೀರು ನಿಂತು ಬೇರು ಕೊಳೆತಿರಬಹುದು.

ಮಳೆಯ ಲೆಕ್ಕವನ್ನು ಓದುವ ಬಗೆ

1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ಅದು ಅಳವಡಿಸಿದೆ. ದಿನದ ಮಳೆ ಎಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ವಾಡಿಕೆಗಿಂತ ಶೇ 19ರವರೆಗಿನ ಹೆಚ್ಚು-ಕಡಿಮೆಯನ್ನು ಸಾಧಾರಣವೆಂದೂ, ಶೇ 20ರಿಂದ 59ರಷ್ಟು ಕಡಿಮೆಯಾದರೆ ಕೊರತೆಯೆಂದೂ, ಶೇ 60ಕ್ಕೂ ಮೀರಿದರೆ ತೀವ್ರ ಕೊರತೆಯೆಂದೂ ಹವಾಮಾನ ಇಲಾಖೆ ಪರಿಗಣಿಸುತ್ತದೆ.

ಒಟ್ಟು ಮಳೆಗಿಂತ ಅದು ಬಿದ್ದ ಕಾಲ ಮುಖ್ಯ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರ್ ಸುಮಾರಿಗೆ ಹೂ-ಕಾಯಿಯ ಹಂತಕ್ಕೆ ಬಂದು ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಸಿದ್ಧವಾಗುತ್ತದೆ. ಮುಂಗಾರಿನಲ್ಲಿ ಸತತ ಮೂರು-ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದನ್ನು ಒಣಹವೆಯ ಅವಧಿಯೆಂದು 2016ರ ಕೇಂದ್ರ ಬರ ಕೈಪಿಡಿ ಗುರುತಿಸುತ್ತದೆ. ಹೀಗೆ ವಾರವಾರದ ಲೆಕ್ಕವನ್ನು ಬರೆದಿಟ್ಟ ದಾಲ್‌ಮಿಲ್ ಮಾಲೀಕರಿಗೆ ಆವಕದ ಅಂದಾಜು ರಾಶಿಗೆ ಮುಂಚೆಯೇ ದೊರೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ಹೆಸರು ಉಳಿಯಬೇಕಾದರೂ ಸಕಾಲದ ಖರೀದಿ ಯೋಜನೆ ಅಗತ್ಯ.

ಹಳೆಯ ಅಂಕಿ-ಅಂಶಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. 2017-18ರಲ್ಲಿ ಜೇವರ್ಗಿಯಿಂದ ಯಡ್ರಾಮಿ ಪ್ರತ್ಯೇಕ ತಾಲ್ಲೂಕಾಯಿತು. ಅದಕ್ಕೂ ಮುಂಚಿನ ಜೇವರ್ಗಿಯ ಬಿತ್ತನೆ ಪ್ರದೇಶವನ್ನು ಇಂದಿನ ಅಂಕಿಯೊಡನೆ ನೇರವಾಗಿ ಹೋಲಿಸಿದರೆ ಬೆಳೆ ಕುಗ್ಗಿತೆಂಬ ತಪ್ಪು ಭಾವನೆ ಮೂಡುತ್ತದೆ.

ಹೊಳೆಯ ಲೆಕ್ಕ

ಆಳಂದ ಭಾಗದ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಮುಂದೆ ಭೀಮೆ ಜೇವರ್ಗಿಯ ಕಡೆಗೆ ಹರಿಯುತ್ತದೆ. ಹೊಳೆ ತುಂಬಲು ಇಲ್ಲಿಯೇ ಮಳೆಯಾಗಬೇಕೆಂದಿಲ್ಲ. ಮಹಾರಾಷ್ಟ್ರದಲ್ಲಿ ಸುರಿದ ಮಳೆಯೇ ಸಾಕು. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಹೊರಹರಿವನ್ನಷ್ಟೇ ನೋಡಿದರೆ ಲೆಕ್ಕ ಪೂರ್ಣವಾಗದು. ವೀರ್ ಅಣೆಕಟ್ಟೆಯ ನೀರನ್ನು ತರುವ ನೀರಾ ಹಾಗೂ ಸೀನಾ ನದಿಗಳು ಉಜನಿಯ ಕೆಳಗೆ ಭೀಮೆಯನ್ನು ಸೇರುತ್ತವೆ. ಆದುದರಿಂದ ಉಜನಿ, ವೀರ್, ಸೀನಾ ಈ ಮೂರರ ಹರಿವನ್ನೂ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಹೊರಹರಿವನ್ನೂ ಕೂಡಿಸಿ ನೋಡಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಹರಿವು ಇಡೀ ದಿನ ಮುಂದುವರಿದರೆ 8.64 ಟಿಎಂಸಿ ನೀರು ಸಾಗುತ್ತದೆ. ಮೇಲ್ಭಾಗದಲ್ಲಿ ಬಿಟ್ಟ ನೀರು ಇಲ್ಲಿಗೆ ತಲುಪುವ ಮುನ್ನ ಸಿಗುವ ಅವಧಿಯಲ್ಲಿ ನದಿತೀರದ ಗೋದಾಮಿನ ಚೀಲಗಳನ್ನು ಎತ್ತರಕ್ಕೆ ಸಾಗಿಸಬಹುದು, ಮುಳುಗುವ ಸೇತುವೆಗಳ ದಾರಿಯನ್ನು ಬಿಟ್ಟು ಲಾರಿಗಳನ್ನು ಕಳುಹಿಸಬಹುದು.

ನೆಲದಡಿಯ ನೀರು

ಅಂತರ್ಜಲದ ವಾರ್ಷಿಕ ಬಳಕೆಯನ್ನು ಲಭ್ಯ ಪ್ರಮಾಣದೊಡನೆ ಹೋಲಿಸಿ, ಶೇ 70ರವರೆಗೆ ಸುರಕ್ಷಿತ, ಶೇ 90ರವರೆಗೆ ಅರೆ ಸಂಕಷ್ಟ, ಶೇ 100ರವರೆಗೆ ಸಂಕಷ್ಟ, ಅದಕ್ಕೂ ಮೀರಿದರೆ ಅತಿಬಳಕೆ ಎಂದು ತಾಲ್ಲೂಕುವಾರು ವರ್ಗೀಕರಿಸಲಾಗುತ್ತದೆ. ಹೊಸ ಘಟಕಕ್ಕೆ ನಿವೇಶನ ಕೊಳ್ಳುವ ಮೊದಲೇ ಈ ವರ್ಗವನ್ನು ತಿಳಿಯುವುದು ಲೇಸು. ಬ್ಯಾಂಕಿನ ಸಾಲ ತೆಗೆದು ಕಟ್ಟಿದ ಮೇಲೆ ಕೊಳವೆಬಾವಿ ಬತ್ತಿದರೆ ನಷ್ಟ ಉದ್ದಿಮೆದಾರನದೇ.

ಈ ಸಂದರ್ಭದಲ್ಲಿ ಛಾವಣಿಯ ಮಳೆನೀರು ಗಮನಾರ್ಹ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದರೂ 1,000 ಚದರ ಮೀಟರ್ ತಗಡಿನ ಛಾವಣಿಯ ಮೇಲೆ 7 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಶೇ 80ರಷ್ಟನ್ನು ಹಿಡಿದರೆ 5.6 ಲಕ್ಷ ಲೀಟರ್.

ಸುಸ್ಥಿರ ಅಭಿವೃದ್ಧಿ ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ಅದರ ಆರಂಭ ಸಣ್ಣದು. ಸಮೀಪದ ಮಳೆಮಾಪಕದ ವಾರದ ಮಳೆ, ಸೊನ್ನ ಬ್ಯಾರೇಜಿನ ಹರಿವು, ಕೊಳವೆಬಾವಿಯ ನೀರಿನ ಮಟ್ಟ ಮತ್ತು ಅಂಗಳಕ್ಕೆ ಬಂದ ಮಾಲಿನ ತೂಕ ಈ ನಾಲ್ಕನ್ನು ದಾಸ್ತಾನು ಪುಸ್ತಕದ ಪಕ್ಕದಲ್ಲೇ ಐದು ವರ್ಷ ಬರೆದಿಟ್ಟರೆ, ತಮ್ಮ ಉದ್ಯಮಕ್ಕೆ ಎಷ್ಟು ಕೊರತೆಯವರೆಗೆ ತಾಳಿಕೆಯಿದೆ ಎಂಬುದು ಪ್ರತಿಯೊಬ್ಬ ಉದ್ದಿಮೆದಾರನಿಗೂ ಸ್ವತಃ ತಿಳಿದುಬರುತ್ತದೆ.